ಗೋಡೆಯ ಮೇಲಿನ ಏಳನೆಯವಳು

ಅವ್ವಾ,

ನೀನು ಓದಲು ಕಲಿಯಲಿಲ್ಲ, ಈಗ ನೀನೇ ಇಲ್ಲ. ಅದಕ್ಕೇ ಬರೆಯಲು ಧೈರ್ಯ ಬಂದಿದೆ.

ಶಹಾಪುರದಲ್ಲಿ, ಗಂಡಸರ ಕೈಯಲ್ಲಿ ನಲುಗಿ ಬದುಕಿ ಬಂದ ಹುಡುಗಿಯರ ಹಾಸ್ಟೆಲ್ ಇದೆ. ಅವರ ಗೌರವಕ್ಕೆಂದು ಅಲ್ಲಿನ ಗೋಡೆಯ ಮೇಲೆ ಆರು ಹುಡುಗಿಯರ ಚಿತ್ರ ಬರೆದೆ. ಯಾರೂ ಗುರುತು ಹಿಡಿಯಬಾರದೆಂದು ಎಲ್ಲರನ್ನೂ ಬೆನ್ನು ತಿರುಗಿಸಿ ನಿಲ್ಲಿಸಿದ್ದೆ. ಆ ಹುಡುಗಿಯರಲ್ಲೊಬ್ಬಳಾದ ಮಲ್ಲಾಬಾಯಿ ಬಹಳ ಹೊತ್ತು ನೋಡಿದಳು.

"ಅಕ್ಕಾರ, ಮಾರಿ ಯಾಕ ಬರ್ದಿಲ್ರಿ? ತಪ್ಪು ನಾವ್ ಮಾಡೀವೇನು?"

ಆರಕ್ಕೂ ಸುಣ್ಣ ಬಳಿದು ಹೊಸದಾಗಿ ಬರೆದೆ. ಯಾರದೂ ಅಲ್ಲದ, ಆದರೆ ನೇರವಾಗಿ ನೋಡುವ ಮುಖಗಳು. ಸುರಪುರದ ನನ್ನ ಗುರುಗಳು ಕಲಿಸಿದಂತೆ ಎಲ್ಲ ಮುಗಿದ ಮೇಲೆ, ಇವತ್ತು, ಕಣ್ಣು ಬರೆದೆ.

ಅಂಚಿನಲ್ಲಿ ಜಾಗ ಉಳಿದಿತ್ತು. ಅಲ್ಲಿ ಹಸಿರು ಲಂಗದ ಹುಡುಗಿಯೊಬ್ಬಳನ್ನು ಬರೆದೆ. ಆ ಲಂಗ ನಿನಗೆ ನೆನಪಿರಬೇಕು. ನಿನ್ನ ತಮ್ಮ ಮನೆಗೆ ಬಂದು ಹೋದ ದಿನ, ನನ್ನನ್ನು ಒಂದು ಮಾತೂ ಕೇಳದೆ, ನೀನು ಅದನ್ನು ಕಾಲುವೆಗೆ ಒಯ್ದು ಮೂರು ಸಲ ಒಗೆದೆ.

ಅವಳ ಕಣ್ಣು ಬರೆಯಲು ಮಾತ್ರ ಕೈ ಏಳಲಿಲ್ಲ.

"ಇಕಿ ಯಾರ್ರಿ? ಏನಾಗೇದ್ರಿ ಇಕಿಗಿ?" ಎಂದಳು ಮಲ್ಲಾಬಾಯಿ.

"ನಾನಽ," ಎಂದೆ. ಉಳಿದದ್ದನ್ನೂ ಹೇಳಿದೆ.

ಯಾರಾದರೂ ಕೇಳಿದ್ದು ಇದೇ ಮೊದಲು, ಅವ್ವಾ.