ಮಂಚದ ಹಲಗೆಯಲ್ಲಿ ಮೊದಲು ಬಿದ್ದ ಮುಖ

ನನ್ನ ತಾಯಿಯ ತಮ್ಮನೇ, ನನ್ನ ಕೈಗೆ ಕಸುಬು ಕೊಟ್ಟವನೇ, ಮಾವಾ!

ಎಲ್ಲಿದ್ದೀಯೋ ಅಲ್ಲೇ ಕೂತು ಕೇಳು. ದುರ್ಯೋಧನನ ವೇಷ ಹಾಕಿ ನಾನು ಅಬ್ಬರಿಸಿದರೆ ಕೆರೆ ಏರಿಯ ಆಚೆಗೂ ಕೇಳುತ್ತದೆ ಎಂದು ಹಂಗಿಸುತ್ತಿದ್ದೆಯಲ್ಲ, ಇವತ್ತು ಆ ಗಂಟಲಿನಲ್ಲೇ ಬರೆಯುತ್ತಿದ್ದೇನೆ. ನಿನ್ನ ತಿಥಿಯ ದಿನ ಎಡೆಗೆ ಎಲ್ಲರೂ ಕೈಮುಗಿದರು. ನಾನು ಮುಗಿಯಲಿಲ್ಲ. ಯಾಕೆ ಎಂದು ನಿನ್ನನ್ನು ಬಿಟ್ಟು ಇನ್ನಾರಿಗೆ ಗೊತ್ತು ಎಂದುಕೊಂಡಿದ್ದೆ. ಆದರೆ...

ದೊಡ್ಡಬಳ್ಳಾಪುರದ ನಿನ್ನ ಕೆಲಸದ ಕೊಟ್ಟಿಗೆಯಲ್ಲಿ ಮೊದಲ ಸಲ ಪಾಲಿಶ್ ಉಂಡೆ ಹಿಡಿದದ್ದು ನೆನಪಾಗುತ್ತದೆ. ಹಳೇ ಪಂಚೆಯ ಮೆತ್ತನೆ ಬಟ್ಟೆ, ಒಳಗೆ ಹತ್ತಿ, ಅದಕ್ಕೆ ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗು. ನಾನು ಹಲಗೆಯ ಮೇಲೆ ಬಗ್ಗಿದೆನೋ ಇಲ್ಲವೋ, ನೀನು ತಲೆಗೊಂದು ಮೊಟಕಿದೆ. "ಲೇ ಸಿದ್ದ, ಓರೆಯಾಗ್ ನೋಡೋ! ನೆಟ್ಟಗೆ ಮೂತಿ ಇಡಬ್ಯಾಡ. ಸಾಮಾನು ಯಾರ್ದೋ ಅವ್ರ ಮುಖನೇ ಅದ್ರಲ್ಲಿ ಮೊದ್ಲು ಬೀಳ್ಬೇಕು." ಓರೆಯಾಗಿ ನೋಡಿದರೆ ಉಂಡೆಯ ಗೆರೆಗಳು ಕಾಣುತ್ತವೆ, ಅದು ಕಸುಬು. ಮುಖದ ಮಾತು ಮಾತ್ರ ನಿನ್ನದೇ ಶಾಸ್ತ್ರ. ಮುಗಿದ ಸಾಮಾನಿಗೆ ನೀನು ಬಟ್ಟೆ ಮುಚ್ಚಿ ಕಳಿಸುತ್ತಿದ್ದೆ. ಒಡೆಯನೇ ಅದನ್ನು ಎತ್ತಬೇಕು. ಪರದೆ ಎದ್ದ ಹಾಗೆ! ನಿನ್ನ ಮುಂದೆ ಯಾವ ನಾಟಕದ ಕಂಪನಿ?

ನಿನ್ನ ಮಗಳು ನಂಜಿ ತೊಟ್ಟಿಲಲ್ಲಿದ್ದಾಗಲೇ "ಸಿದ್ದನ ಹೆಂಡ್ತಿ" ಎಂದು ಕರೆದವನು ನೀನು. ಸೋದರಮಾವನ ಮಗಳು, ನನಗಲ್ಲದೆ ಇನ್ಯಾರಿಗೆ? ಆದರೆ ಒಂದು ಬೆಳಿಗ್ಗೆ ಅರಗು ಕುಟ್ಟುತ್ತಾ, ತಲೆ ಎತ್ತದೆ ಹೇಳಿದೆ: "ನಂಜಿನ ನೆಲಮಂಗಲದ ಮೇಷ್ಟ್ರಿಗೆ ಕೊಡ್ತಾ ಇದೀನಿ ಕಣೋ. ಅರಗು ಮೆತ್ಕೊಂಡಿರೋ ಕೈಗೆ ಹೆಂಗ್ ಕೊಡ್ಲಿ?" ನಿನ್ನ ಕೈಗೆ ಅಂಟಿದ್ದು ಗಂಧವೇ, ಮಾವ? ಅದರ ಬೆನ್ನಿಗೇ ಇನ್ನೊಂದು ಏಟು: "ಮದ್ವೆ ಮಂಚಕ್ಕೆ ಪಾಲಿಶು ನೀನೇ ಹಾಕು. ನಿನ್ನಷ್ಟು ನುಣ್ಣಗೆ ಯಾರೂ ಹಾಕಲ್ಲ."

ಹಾಕಿದೆ! ಯುದ್ಧದ ಕಾಲ, ಸ್ಪಿರಿಟ್ಟಿಗಾಗಿ ಬೆಂಗಳೂರೆಲ್ಲ ಅಲೆದೆ. ತೇಗದ ಹಲಗೆಯನ್ನು ಉಪ್ಪುಕಾಗದದಿಂದ ಮಗುವಿನ ಕೆನ್ನೆಯ ಹಾಗೆ ಮಾಡಿದೆ. ತೆಳುವಾಗಿ ಒಂದು ಕೈ, ಒಣಗಿದ ಮೇಲೆ ಉಜ್ಜಿ ಮತ್ತೊಂದು. ಉಂಡೆ ಎಲ್ಲೂ ನಿಲ್ಲಬಾರದು, ನಿಂತರೆ ಅಲ್ಲೇ ಕಲೆ. ಅಂಟದಿರಲು ಒಂದು ತೊಟ್ಟು ಎಣ್ಣೆ. ಕೊನೆಗೆ ಆ ಎಣ್ಣೆಯ ಮಬ್ಬನ್ನೂ ಎತ್ತಿದಾಗ ತಲೆಕಡೆಯ ಹಲಗೆ ನಿಂತ ನೀರಿನಂತಾಯಿತು. ಅಷ್ಟೂ ದಿನ ಓರೆಯಾಗಿಯೇ ನೋಡಿದೆ, ಮಾವ. ನಿನ್ನ ಶಾಸ್ತ್ರ ಮೀರಲಿಲ್ಲ.

ನಂಜಿ ಮಜ್ಜಿಗೆ ತಂದವಳು ಹಲಗೆಯ ಮುಂದೆ ನೆಟ್ಟಗೆ ನಿಂತುಬಿಟ್ಟಳು. ಲೋಟಕ್ಕೆ ಕೈಚಾಚಿದ ನಾನು ಅವಳ ಹಿಂದಿದ್ದೆ. "ಭಾವ, ಇದ್ರೊಳ್ಗೆ ನೀನೂ ಅದೀಯಲ್ಲ!" ಎಂದಳು. "ಅದೀನಿ ಕಣೇ. ನಿಮ್ಮಪ್ಪ ಮದ್ವೆ ದಿನದವರ್ಗೂ ಜಾಗ ಬಾಡಿಗೆಗೆ ಬಿಟ್ಟವ್ನೆ" ಎಂದೆ. ಅವಳು ನಗಲಿಲ್ಲ. ಬಾಗಿಲಲ್ಲಿ ನೀನು! ಸ್ಪಿರಿಟ್ಟಿನಲ್ಲಿ ಬಟ್ಟೆ ಅದ್ದಿ, ಕೊಲೆ ಮಾಡುವವನ ಹಾಗೆ ಹಲಗೆ ಒರೆಸಿದೆ. ನಮ್ಮಿಬ್ಬರ ಮುಖ ಕದಡಿ ಹೋಯಿತು. ಹೊರಗೆ ಶ್ರಾವಣದ ಜಡಿಮಳೆ. "ಮಾವ, ಥಂಡಿಗೆ ಪಾಲಿಶು ಬೆಳ್ಳಗಾಯ್ತದೆ, ಬಿಸ್ಲು ಬರ್ಲಿ" ಎಂದು ಕಾಲು ಹಿಡಿದೆ. "ಮುಚ್ಚಲೇ ಬಾಯಿ!" ಎಂದು ಆ ಮಳೆಯಲ್ಲೇ ನಿನ್ನ ಕೈಯಾರೆ ಮತ್ತೆ ಬಳಿದೆ. ನನಗೆ ಇದನ್ನು ಕಲಿಸಿದವನೇ ನೀನಲ್ಲವೇ?

ಚಪ್ಪರದಲ್ಲಿ ಬೀಗರು ಬಟ್ಟೆ ಎತ್ತಿದರು. ಹಲಗೆ ತುಂಬ ಬೂದಿ ಬಣ್ಣದ ಮಂಜು. "ಏನ್ರೀ, ನಿಮ್ ಮಂಚಕ್ಕೆ ಕಣ್ಣಿನ ಪೊರೆ ಬಂದದೆ!" ಎಂದು ಯಾರೋ ನಕ್ಕರು. ತುಂಬಿದ ಸಭೆಯಲ್ಲಿ ನೀನು ನನ್ನತ್ತ ಬೆರಳು ತೋರಿಸಿದೆ. "ನಮ್ ಸಿದ್ದನ ಕೆಲ್ಸ. ಹೊಟ್ಟೆಯುರಿ. ಏನ್ಮಾಡ್ಲಿ, ಅಕ್ಕನ ಮಗ." ಅಂದಿನಿಂದ ನಾನು ಮಂಚ ಕೆಡಿಸಿದ ಸಿದ್ದ. ಮದುವೆ ಸಾಮಾನನ್ನು ಯಾರೂ ನನ್ನ ಕೈಗೆ ಕೊಡಲಿಲ್ಲ. ಇಸ್ಕೂಲಿನ ಬೆಂಚು, ನಾಟಕದ ಸಿಂಹಾಸನ, ಅಷ್ಟೇ ನನ್ನ ಪಾಲು. ಕೆಮ್ಮಿನಲ್ಲಿ ನೀನು ಮಲಗಿದಾಗ ದಿನವೂ ಬಂದು ಪಕ್ಕದಲ್ಲಿ ಕೂತೆ. ಒಂದು ಮಾತು ಆಡುತ್ತೀಯೇನೋ ಎಂದು...

ಈಗ ನೀನು ಕೇಳದ ಸುದ್ದಿ. ಈ ಚೈತ್ರದಲ್ಲಿ ನಿನ್ನ ಅಳಿಯ ಮೇಷ್ಟ್ರು ಗಾಡಿಯಲ್ಲಿ ಆ ಹಲಗೆ ಹೇರಿಕೊಂಡು ಬಂದ. ಎದುರಿನ ಕಾಫಿ ಹೋಟೆಲಿನ ಜನರೆಲ್ಲ ಸುತ್ತ ನಿಂತಿದ್ದರು. "ಸಿದ್ದಪ್ಪನೋರೇ, ಇದನ್ನ ಕೆಡಿಸ್ದೋರು ನಮ್ಮ ಮಾವ ಅಂತೆ. ಬಾಯಿ ಬಿಡ್ಬಾರ್ದು ಅಂತ ನಂಜಿ ಕೈಲಿ ತಮ್ಮದೇ ತಲೆ ಮೇಲೆ ಆಣೆ ಹಾಕ್ಸಿದ್ರಂತೆ. ಅಪ್ಪನ ಆಣೆ ಅಪ್ಪನ ಜೊತೇಲೇ ಹೋಯ್ತು ಅಂತ ಈಗ ಹೇಳಿದ್ಲು. ನೀವೇ ಸರಿಮಾಡಿ." ನನ್ನ ಹೆಸರನ್ನು ತೊಳೆದುಕೊಡಲು ಅವನೇ ಬರಬೇಕಿತ್ತೇ, ಮಾವ? ಬೈಯಲೂ ಆಗದಷ್ಟು ಒಳ್ಳೆಯವನು!

ಒಳ್ಳೆ ಬಿಸಿಲು. ನಿನ್ನ ಮಂಜನ್ನು ಸ್ಪಿರಿಟ್ಟಿನಿಂದ ಬಿಡಿಸಿ, ಹೊಸದಾಗಿ ಕೈಮೇಲೆ ಕೈ ಕೊಟ್ಟೆ. ಇವತ್ತು ಮುಗಿಯಿತು. ಬಟ್ಟೆ ಮುಚ್ಚುವ ಮೊದಲು, ಜನ್ಮದಲ್ಲಿ ಮೊದಲ ಸಲ, ಬೇಕೆಂದೇ ನೆಟ್ಟಗೆ ನಿಂತು ನೋಡಿದೆ.

ಅಲ್ಲಿ ನೀನಿದ್ದೆ! ಅದೇ ಮೊಂಡು ಮೂಗು, ಅದೇ ಗಂಟಿಕ್ಕಿದ ಹುಬ್ಬು. ಸೋದರಮಾವನ ಅಚ್ಚು ಎಂದು ಅಮ್ಮ ಹೆಮ್ಮೆಪಡುತ್ತಿದ್ದದ್ದು ಇದಕ್ಕೇ. ಸ್ಪಿರಿಟ್ಟಿನ ಸೀಸೆ ಕೈಗೆ ಎಟುಕುವಲ್ಲೇ ಇತ್ತು. ಬಟ್ಟೆಯೂ ಇತ್ತು.

ಬಟ್ಟೆ ಮುಚ್ಚಿ ಗಾಡಿಗೆ ಏರಿಸಿದೆ. ಮುಂದಿನ ತಿಥಿಗೂ ನಿನಗೆ ಕೈಮುಗಿಯುವುದಿಲ್ಲ, ಮಾವ. ಆದರೆ ನಿನ್ನ ಹಾಗೆ ಒರೆಸುವುದೂ ಇಲ್ಲ.