ಒತ್ತಿದರೆ ಬೆಳಗುವ ಸೂರ್ಯ

ಜನವರಿ 9, ಗುರುವಾರ. ಬೆಳಿಗ್ಗೆ 11

ಹದಿನೆಂಟು ಸೂರ್ಯ ಮುಗಿದವು. ಇನ್ನೂ ಹದಿನಾಲ್ಕು. ಕತ್ತರಿ ಹಿಡಿದು ಹಿಡಿದು ಹೆಬ್ಬೆರಳು ಬಾತಿದೆ. ಕೆಲಸಕ್ಕೆ ಬರುವ ಅಬೀದಾ ಕಿರಣ ಕತ್ತರಿಸುತ್ತಾಳೆ, ನಾನು ಅಂಟಿಸುತ್ತೇನೆ. ನಾಲ್ಕು ವರ್ಷದಿಂದ ಇದೇ ಜಮಖಾನೆ, ಇದೇ ಕಿಟಕಿ. ಅವಳ ಕೈ ಓಡುತ್ತದೆ, ನನ್ನ ಬಾಯಿ ಓಡುತ್ತದೆ.

ಸಂಕ್ರಾಂತಿ ಕಾರ್ಡು ಅವ್ವನೂ ಮಾಡುತ್ತಿದ್ದಳು. ಒಳಗೆ ಕುಸುರೆಳ್ಳಿನ ಪುಟ್ಟ ಪೊಟ್ಟಣ, ಮೇಲೆ ‘ಎಳ್ಳು-ಬೆಲ್ಲ ತಗೊಂಡು ಎಳ್ಳು-ಬೆಲ್ಲದಂಗ ಇರೋಣ’. ಅಂಚೆಯಲ್ಲಿ ಪುಣೆ ಮುಟ್ಟುವ ಹೊತ್ತಿಗೆ ಅರ್ಧ ಪುಡಿ. ಈಗ ಅಷ್ಟಕ್ಕೆ ಯಾರು ಮರುಳಾಗುತ್ತಾರೆ? ಈ ವರ್ಷ ನನ್ನ ಕಾರ್ಡಿನಲ್ಲಿ ದೀಪ. ಸೂರ್ಯನನ್ನು ಒತ್ತಿದರೆ ಕಿರಣಗಳೆಲ್ಲ ಬೆಳಗುತ್ತವೆ. ಪೊಟ್ಟಣದ ಪಕ್ಕದಲ್ಲೇ ಎರಡು ಗೂಡು, ಒಂದೊಂದರಲ್ಲಿ ಒಂದು ಬಟನ್ ಸೆಲ್. ರೂಪಾಯಿ ನಾಣ್ಯದಷ್ಟು, ಬೆಳ್ಳಿಯ ಹೊಳಪು. ಮೇಲೆ ಜರಿ ಕಾಗದದ ಮುಚ್ಚಳ.

ಟೇಪು ಬೇಡ ಎಂದೆ. ‘ಪ್ಲಾಸ್ಟಿಕ್ ಇಲ್ಲ, ಪೂರ್ತಿ ಕೈಕೆಲಸ’ ಎಂದು ಕಾರ್ಡಿನ ಹಿಂದೆ ಅಚ್ಚು ಹಾಕಿಸಿ ಕೂತಿದ್ದೇನೆ (ದೀಪದ ತಂತಿಯ ಮಾತು ಬೇರೆ). ಅಂಟಿಸಲು ಮೈದಾ ಕುದಿಸಿ ಖಳಿ ಮಾಡಿದೆ. ಅಬೀದಾ ಮೂಗು ಮುರಿದಳು.

“ಅಕ್ಕಾರ, ಈ ಜರಿ ಕಾಗದಕ್ಕ ಖಳಿ ಹಿಡಿಯೂದಿಲ್ರಿ. ಒಣಗಿದ್ರ ಬಿಟ್ಕೋತೈತಿ.”

“ನಮ್ಮವ್ವ ನಲವತ್ತು ವರ್ಷ ಖಳೀಲೇ ಅಂಟಿಸ್ಯಾಳ. ನೀ ನನಗ ಕಲಿಸಬ್ಯಾಡ.”

ಮತ್ತೆ ಕತ್ತರಿ ಎತ್ತಿಕೊಂಡಳು. ಗೆದ್ದೆ ಅಂದುಕೊಂಡೆ.

ಜನವರಿ 12, ಭಾನುವಾರ. ಸಂಜೆ 5

ಮುಗಿಯಿತು! ಮೂವತ್ತೆರಡು ಕಾರ್ಡು, ಮೂವತ್ತೆರಡು ಗಿರಾಕಿಗಳ ಮನೆ. ವಿದ್ಯಾನಗರ, ಉಣಕಲ್, ಮಾಳಮಡ್ಡಿ, ಸಪ್ತಾಪುರ. ಹೆಸರಿನ ಪಟ್ಟಿ ಫ್ರಿಜ್ ಬಾಗಿಲ ಮೇಲಿದೆ. ನಾಳೆ ಹಂಚಿಕೆ.

ಒಂದು ಹೆಚ್ಚಿಗೆ ಮಾಡಿದ್ದೆ. ಅದರ ಮೇಲೆ ನಮ್ಮ ಯಜಮಾನರು, ಬಿಂದುಮಾಧವ ರಾಯರು, ಚಹಾದ ಕಪ್ ಇಟ್ಟರು. ಇಡೀ ಮನೆಯಲ್ಲಿ ಕಪ್ ಇಡಲು ಬೇರೆ ಜಾಗವೇ ಸಿಗಲಿಲ್ಲ ಪಾಪ. ಮೂಲೆ ಮಡಚಿತು, ಸೂರ್ಯನ ಗಲ್ಲಕ್ಕೆ ಕಂದು ಉಂಗುರ. ಅಬೀದಾಳಿಗೆ ಕೊಟ್ಟೆ, ಮಗಳು ಅಫ್ರೀನ್‌ಗೆ ಆಗಲಿ ಎಂದು. ನಾಲ್ಕು ವರ್ಷದ್ದು, ಬಣ್ಣದ ಕಾಗದ ಕಂಡರೆ ಜೀವ ಬಿಡುತ್ತದೆ.

“ತಲಿದಿಂಬಿನ ಕೆಳಗ ಇಟ್ಕೊಂಡು ಮಲಗ್ತಾಳ ನೋಡ್ರಿ,” ಎಂದು ನಕ್ಕಳು ಅಬೀದಾ. ಸೆರಗಿನಲ್ಲಿ ಮುಚ್ಚಿಕೊಂಡು ಒಯ್ದಳು.

ಜನವರಿ 14, ಮಂಗಳವಾರ. ಮಧ್ಯಾಹ್ನ 3

ಹಬ್ಬ. ಮಾದಲಿ, ಶೇಂಗಾ ಹೋಳಿಗೆ, ಹೊಟ್ಟೆ ಬಿರಿಯುವಷ್ಟು. ಫೋನಿನ ಮೇಲೆ ಫೋನು, ಸೂರ್ಯನ ವಿಡಿಯೊಗಳು. ಹಿಗ್ಗಿ ಹೀರೇಕಾಯಿ ಆಗಿದ್ದೆ.

ಈಗ ವಿದ್ಯಾನಗರದ ಮಾನಸಿ ಫೋನ್ ಮಾಡಿದ್ದಳು. ನಗುತ್ತಲೇ ಹೇಳಿದಳು.

“ನಿಮ್ಮ ಸೂರ್ಯಾಗ ಗ್ರಹಣ ಹಿಡದದ ನೋಡ್ರಿ! ಒಳಗಿಂದು ಮುಚ್ಚಳಾ ಬಿಟ್ಟು ಸೆಲ್ ಹೊರಗ ಬಂದಾವ. ನಮ್ಮ ಸಾನ್ವಿ ಪೆಪ್ಪರಮಿಂಟ್ ಅಂತ ಬಾಯಾಗ ಹಾಕ್ಕೊಂಡಿತ್ತು. ಬೊಟ್ಟ ಹಾಕಿ ತಗದೆ. ಏನ್ ಹುಡುಗೀರಿ ಇದು!”

ನಾನೂ ನಕ್ಕೆ. ಫೋನ್ ಇಟ್ಟ ಮೇಲೆ ಹೊಳೆಯಿತು. ಕುಸುರೆಳ್ಳು ತಗೋ ಎಂದು ಮಗುವಿನ ಕೈಯನ್ನು ನಾವೇ ಒಳಗೆ ಹಾಕಿಸುತ್ತೇವೆ. ಅಲ್ಲೇ ಪಕ್ಕದಲ್ಲಿ ಅದು.

ಅದೇ ದಿನ, 4.30

ಫೋನಿನಲ್ಲಿ ಓದಿದೆ. ಓದಬಾರದಿತ್ತು. ಓದಲೇಬೇಕಿತ್ತು.

ಬಟನ್ ಸೆಲ್ ಗಂಟಲಲ್ಲಿ ಸಿಕ್ಕಿಕೊಂಡರೆ ಎರಡು ತಾಸು ಸಾಕಂತೆ. ಒಳಗೇ ಸುಡುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಮಗು ಕೆಮ್ಮುತ್ತದೆ, ಜೊಲ್ಲು ಸುರಿಸುತ್ತದೆ, ಉಣ್ಣುವುದಿಲ್ಲ, ಅಷ್ಟೇ. ಮೂವತ್ತೆರಡು ಮನೆ. ಮೂವತ್ತೆರಡು ಮನೆಗೆ ಸ್ಕೂಟಿ ಮೇಲೆ ಹೋಗಿ, ಬಾಗಿಲು ಬಡಿದು, ನಗುತ್ತ ಕೊಟ್ಟು ಬಂದಿದ್ದೇನೆ ನಾನು.

ಎಲ್ಲರಿಗೂ ಈಗಲೇ ಫೋನ್ ಮಾಡುತ್ತೇನೆ ಎಂದೆ. ಇವರು ತಡೆದರು.

“ಹಬ್ಬದ ದಿನಾ ‘ನಿಮ್ಮ ಕೂಸು ಸಾಯ್ತದ’ ಅಂತ ಹೇಳ್ತೀಯೇನು? ಅಡಿಕಿಗೆ ಹೋದ ಮಾನ ಆನಿ ಕೊಟ್ರೂ ಬರೂದಿಲ್ಲ, ನಿರುಪಮಾ. ನಾಳೆ ಸಾವಕಾಶ ಇಸಗೊಂಡು ಬಾ.”

ಅವರನ್ನು ಬೈದು ಬರೆಯಲು ಹೊರಟಿದ್ದೆ. ಖರೇ ಹೇಳಬೇಕೆಂದರೆ ನನಗೂ ಅದೇ ಬೇಕಿತ್ತು. ಗಿರಾಕಿಗಳ ವಾಟ್ಸಾಪ್ ಗ್ರೂಪಿಗೆ ಮೆಸೇಜ್ ಹಾಕಿದೆ: ‘ದೀಪದಲ್ಲಿ ಸಣ್ಣ ತೊಂದರೆ ಇದೆ. ಕಾರ್ಡನ್ನು ಮಕ್ಕಳ ಕೈಗೆ ಸಿಗದಂತೆ ಮೇಲೆ ಇಡಿ, ನಾಳೆ ಬಂದು ಬದಲಿಸಿ ಕೊಡುತ್ತೇನೆ.’ ಸಣ್ಣ ತೊಂದರೆ. ಹಾಗೇ ಬರೆದೆ.

ಜನವರಿ 15, ಬುಧವಾರ. ಮಧ್ಯಾಹ್ನ 1.30

ಹತ್ತೊಂಬತ್ತು ಸಿಕ್ಕವು. ಬೆಳಿಗ್ಗೆ ಏಳಕ್ಕೆ ಹೊರಟೆ. ಪ್ರತಿ ಬಾಗಿಲಲ್ಲೂ ಮೊದಲು ಮಗುವಿನ ಬಾಯಿ ನೋಡುತ್ತೇನೆ. ಚಕ್ಕುಲಿ ಕಡಿಯುತ್ತಿದ್ದರೆ ಜೀವ ಬರುತ್ತದೆ. ಮಾಳಮಡ್ಡಿಯ ಒಬ್ಬ ಅಜ್ಜಿ ಬಾಗಿಲಲ್ಲೇ ನಿಲ್ಲಿಸಿದರು.

“ಕೊಟ್ಟ ಎಳ್ಳು ತಿರುಗಿ ಕೇಳ್ತಾರೇನವಾ? ಹಿಂಗ ಎಲ್ಲೂ ಕಂಡಿಲ್ಲ.”

ಎಳ್ಳು ನಿಮಗಽ ಇರಲಿ, ಸೂರ್ಯಾನ ಅಷ್ಟ ಕೊಡ್ರಿ ಎಂದೆ. ಹುಚ್ಚಿಯನ್ನು ನೋಡುವ ಹಾಗೆ ನೋಡಿದರು. ನೋಡಲಿ.

ಹತ್ತೊಂಬತ್ತರಲ್ಲಿ ಹನ್ನೊಂದರ ಮುಚ್ಚಳ ಬಿಟ್ಟಿದೆ. ಈ ಒಣ ಥಂಡಿಗೆ ಖಳಿ ಹಪ್ಪಳದಂತೆ ಎದ್ದು ಬರುತ್ತಿದೆ.

ಅಬೀದಾ ಇದ್ದಿದ್ದರೆ ಪಟ್ಟಿಯ ಅರ್ಧ ಅವಳು ಹಿಡಿಯುತ್ತಿದ್ದಳು. ಬಂದಿಲ್ಲ. ‘ಅಫ್ರೀನ್‌ಗ ಕೆಮ್ಮ ಬಂದೈತ್ರಿ’ ಎಂದು ಮೆಸೇಜ್. ಇರಲಿ ಬಿಡು ಎಂದು ಹಾಕಿದೆ. ಇನ್ನೂ ಹದಿಮೂರು ಮನೆ. ಚಪಾತಿ ಕೈಯಲ್ಲೇ ಹಿಡಿದು ಹೊರಟೆ.

ಅದೇ ದಿನ, ಸಂಜೆ 7

ಮೂವತ್ತೆರಡೂ ಸಿಕ್ಕವು! ಅರವತ್ನಾಲ್ಕು ಸೆಲ್ ಸ್ಟೀಲ್ ಡಬ್ಬಿಯಲ್ಲಿ. ಎರಡು ಸಲ ಎಣಿಸಿದೆ. ಸಪ್ತಾಪುರದ ಒಂದು ಮನೆಯಲ್ಲಿ ಸೋಫಾ ಎಳೆದು ಹುಡುಕಿದ್ದು, ಮೊಣಕಾಲು ತರಚಿದೆ.

ತಂದದ್ದು ಎಪ್ಪತ್ತು. ಆರು ಉಳಿಯಬೇಕು, ನಾಲ್ಕೇ ಇವೆ. ಆ ಅಂಗಡಿಯವನು ಎರಡು ಕಡಿಮೆ ಹಾಕಿದ್ದಾನೆ, ಕಳ್ಳ. ಹೋಗಲಿ. ಇವತ್ತು ಯಾರ ಮೇಲೂ ಸಿಟ್ಟಿಲ್ಲ. ದೇವರಿಗೆ ತುಪ್ಪದ ದೀಪ ಹಚ್ಚಿದೆ. ಈಗ ಹಸಿವಾಗಿದೆ.

ಜನವರಿ 16, ಗುರುವಾರ

ಡೈರಿ ಮನೆಯಲ್ಲಿದೆ. ಪರ್ಸಿನಲ್ಲಿದ್ದ ಖಾಲಿ ಕಾರ್ಡಿನ ಮೇಲೆ ಬರೆಯುತ್ತಿದ್ದೇನೆ. ಆಸ್ಪತ್ರೆ. ಆಪರೇಷನ್ ಥಿಯೇಟರಿನ ಹೊರಗೆ. ಸುಮ್ಮನೆ ಕೂತರೆ ಹುಚ್ಚು ಹಿಡಿಯುತ್ತದೆ.

ಬೆಳಿಗ್ಗೆ ಹತ್ತಕ್ಕೆ ಅಬೀದಾಳಿಗೆ ಫೋನ್ ಮಾಡಿದೆ. ನನ್ನ ಶೌರ್ಯ ಹೇಳಿಕೊಳ್ಳಲು.

“ನೀ ಹೇಳಿದ್ದು ಖರೇ ಆತು ನೋಡು. ಖಳಿ ಬಿಟ್ಟದ. ಎಲ್ಲಾ ಕಾರ್ಡೂ ಇಸಗೊಂಡು ಬಂದೆ.”

“ಹೌದ್ರಿ ಅಕ್ಕಾರ, ನಮ್ಮದೂ ಬಿಟ್ಟೈತ್ರಿ ಮುಚ್ಚಳ,” ಎಂದಳು. “ಅದರಾಗಿನ ಕುಸುರೆಳ್ಳು ತಿಂದಾಗಿಂದ ಈಕಿ ಏನೂ ನುಂಗವಲ್ಲಳ್ರಿ. ನೀರ ಕುಡಿದ್ರೂ ಅಳ್ತಾಳ. ಡಾಕ್ಟರು ಕೆಮ್ಮಿನ ಔಷಧ ಕೊಟ್ಟಾರ.”

ನಮ್ಮದೂ.

ನನ್ನ ಪಟ್ಟಿಯಲ್ಲಿ ಆ ಮನೆ ಇರಲಿಲ್ಲ. ನನ್ನ ಪಕ್ಕದಲ್ಲೇ ಕೂತು ಕಿರಣ ಕತ್ತರಿಸಿದವಳ ಮನೆ. ಗ್ರೂಪಿನ ಮೆಸೇಜೂ ಅವಳಿಗೆ ಹೋಗಿಲ್ಲ, ಅವಳು ಗಿರಾಕಿ ಅಲ್ಲವಲ್ಲ. ಮಾಳಮಡ್ಡಿಯ ಅಜ್ಜಿಯ ಬಾಗಿಲಲ್ಲಿ ಬೈಸಿಕೊಂಡು ನಿಂತೆ, ಅಬೀದಾಳಿಗೆ ಒಂದು ಮಾತು ಹೇಳಲಿಲ್ಲ. ಕೆಮ್ಮು ಎಂದು ಅವಳೇ ಬರೆದರೂ ಹೊಳೆಯಲಿಲ್ಲ. ಮೂಲೆ ಮಡಚಿದ ಕಾರ್ಡು ನನಗೆ ಕಾರ್ಡೇ ಅಲ್ಲ!

ಹಳೇ ಹುಬ್ಬಳ್ಳಿಯ ಆ ಓಣಿಗೆ ಹೇಗೆ ಮುಟ್ಟಿದೆನೋ. ಅಫ್ರೀನ್ ಅಜ್ಜಿ ಬಿಬಿಜಾನಳ ತೊಡೆಯ ಮೇಲಿದ್ದಳು. ತುಟಿ ಒಣಗಿ ಬಿರಿದಿತ್ತು. ನನ್ನನ್ನು ಕಂಡು ನಕ್ಕಳು. “ಸೂರ್ಯಾ ಒತ್ತಿದ್ರೂ ಹತ್ತವಲ್ದು,” ಎಂದಳು, ಗೊಗ್ಗರು ದನಿಯಲ್ಲಿ. ಎತ್ತಿಕೊಂಡು ಓಡಿ ಬಂದೆವು.

ಎಕ್ಸ್‌ರೇ ನೋಡಿದೆ. ಎದೆಯ ನಡುವೆ ಬಿಳಿ ಚಂದ್ರ. ದುಂಡಗೆ.

“ಎರಡು ದಿನಾ ಆಗೇದ ಅಂತೀರಿ?” ಎಂದರು ಡಾಕ್ಟರು. ನನ್ನ ಮುಖ ನೋಡಲಿಲ್ಲ.

ಒಳಗೆ ಒಯ್ದು ಒಂದು ತಾಸಾಯಿತು. ಅಬೀದಾ ಅಳುತ್ತಿಲ್ಲ. ಅವಳ ಗಂಡ ಅಹಮದಸಾಬ ಗ್ಯಾರೇಜಿನ ಎಣ್ಣೆಗೈಯಲ್ಲೇ ಬಂದು ಗೋಡೆಗೆ ಒರಗಿ ನಿಂತಿದ್ದಾನೆ. ಯಾರಾದರೂ ನನ್ನನ್ನು ಬೈಯಬಾರದೇ? ನನಗೆ ಬಹಳ ಭಯವಾಗುತ್ತಿದೆ. ದೇವರೇ, ಈ ಕೂಸನ್ನು ಉಳಿಸು. ಇನ್ನು ಕತ್ತರಿ ಮುಟ್ಟುವುದಿಲ್ಲ.

ಜನವರಿ 17, ಶುಕ್ರವಾರ. ಬೆಳಿಗ್ಗೆ 11.30

ಉಳಿದಳು. ಉಳಿದಳು. ಸೆಲ್ ತೆಗೆದಿದ್ದಾರೆ. ಅನ್ನನಾಳ ಸುಟ್ಟಿದೆ, ತೂತಾಗಿಲ್ಲ. ಮೂಗಿನಿಂದ ನಳಿಕೆ ಹಾಕಿ ಹಾಲು. ಹದಿನೈದು ದಿನ ಇರಬೇಕಂತೆ. ಸುಟ್ಟು ಕರ್ರಗಾದ ಸೆಲ್ಲನ್ನು ಪುಟ್ಟ ಡಬ್ಬಿಯಲ್ಲಿ ತೋರಿಸಿದರು.

ಬೆಳಿಗ್ಗೆ ಅಬೀದಾಳ ಜೊತೆ ಕೂತು ಬಂದೆ. ತಪ್ಪಾತು ಎಂದು ಕೈ ಹಿಡಿದೆ. ಬಿಡಿಸಿಕೊಳ್ಳಲಿಲ್ಲ, ಮಾತೂ ಆಡಲಿಲ್ಲ. ಅಷ್ಟರಲ್ಲಿ ಬಿಬಿಜಾನಳ ಫೋನು. ಮನೆಯಲ್ಲಿ ಹತ್ತು ತಿಂಗಳ ಶಹಬಾಜನನ್ನು ಅವಳೇ ನೋಡಿಕೊಳ್ಳುತ್ತಿದ್ದಾಳೆ.

“ಸಣ್ಣಾವ ಹಾಲ ಕುಡಿವಲ್ಲಂತ್ರಿ,” ಎಂದಳು ಅಬೀದಾ, ಆಸ್ಪತ್ರೆಗೆ ಬಂದ ಮೇಲೆ ನನ್ನೊಂದಿಗೆ ಆಡಿದ ಮೊದಲ ಮಾತು. “ಜೊಲ್ಲು ಸುರಿಸಾಕತ್ತಾನಂತ. ಹಲ್ಲ ಬರಾಕತ್ತಾವು ಕಾಣ್ತೈತಿ.”

“ಹಲ್ಲಿಂದಽ ಇರ್ತದ. ನಮ್ಮ ಮಗಾ ಸೌರಭಗೂ ಹಿಂಗಽ ಆಗಿತ್ತು,” ಎಂದೆ. “ಅಂಜಬ್ಯಾಡ.”

ಮಾತಾಡಿದಳಲ್ಲ, ಅದಕ್ಕೇ ಕಣ್ಣು ತುಂಬಿ ಬಂತು.

ಅದೇ ದಿನ, ಮಧ್ಯಾಹ್ನ 2

ಅಹಮದಸಾಬ ಆಸ್ಪತ್ರೆಯಿಂದ ಗ್ಯಾರೇಜಿಗೆ ಹೋಗುವಾಗ ಈಗ ಬಂದು ಹೋದ. ಒಳಗೆ ಕಾಲಿಡಲಿಲ್ಲ. ಕಾರ್ಡನ್ನು ಕಟ್ಟೆಯ ಮೇಲೆ ಇಟ್ಟ.

“ತಗೊಳ್ರಿ ನಿಮ್ಮ ಸೂರ್ಯಾ. ಮುಂಜಾನಿ ಹಾಸಿಗಿ ಝಾಡಿಸಿದಾಗ ಸಿಕ್ತು. ನಮ್ಮ ಮನ್ಯಾಗ ಇದು ಬ್ಯಾಡ.”

ನಿಂತಿರಪ್ಪಾ, ಚಹಾ ಎಂದೆ. ಬೈಕ್ ಹೊರಟೇ ಹೋಯಿತು. ಸರಿಯೇ, ನನ್ನ ಮನೆಯ ಚಹಾ ಯಾಕೆ ಕುಡಿಯಬೇಕು ಅವನು?

ಕಾರ್ಡು ಮುಂದೆ ಇದೆ. ಕಂದು ಉಂಗುರ ಹಾಗೇ ಇದೆ. ಅಫ್ರೀನ್ ಸೂರ್ಯನಿಗೆ ಸ್ಕೆಚ್ ಪೆನ್ನಿನಿಂದ ಮೀಸೆ ಬರೆದಿದ್ದಾಳೆ. ಚಂದ ಬರೆದಿದ್ದಾಳೆ. ಇದನ್ನು ಎಸೆಯುವುದಿಲ್ಲ, ಕಣ್ಣೆದುರಿಗೇ ಇಟ್ಟುಕೊಳ್ಳುತ್ತೇನೆ. ಉಳಿದ ಸೆಲ್ಲನ್ನು ತೆಗೆದು ಡಬ್ಬಿಗೆ ಹಾಕಬೇಕು ಎಂದು ಕಾರ್ಡು ಬಿಚ್ಚಿದೆ.

ಎರಡು ಗೂಡು. ಎರಡೂ ಖಾಲಿ.

ಕಾರ್ಡು ಝಾಡಿಸಿದೆ. ಏನೂ ಬೀಳಲಿಲ್ಲ. ಡಾಕ್ಟರು ತೆಗೆದದ್ದು ಒಂದು. ಎಕ್ಸ್‌ರೇದಲ್ಲಿ ಇದ್ದದ್ದೂ ಒಂದೇ, ನಾನೇ ನೋಡಿದೆ. ಡಬ್ಬಿಯಲ್ಲಿ ಅರವತ್ನಾಲ್ಕು, ಉಳಿದದ್ದು ನಾಲ್ಕು, ಇದರಲ್ಲಿ ಎರಡು. ಅಂಗಡಿಯವನು ಕಡಿಮೆ ಹಾಕಿರಲಿಲ್ಲ. ಇನ್ನೊಂದು ಆ ಮನೆಯಲ್ಲೇ ಬಿದ್ದಿದೆ. ಹಾಸಿಗೆಯಲ್ಲಿ, ನೆಲದ ಮೇಲೆ, ಅಂಬೆಗಾಲಿಡುವ ಕೂಸಿನ—

ಜೊಲ್ಲು. ಹಾಲು ಕುಡಿಯುತ್ತಿಲ್ಲ. ಓದಿದ್ದೆನಲ್ಲ. ಮಂಗಳವಾರವೇ ಓದಿದ್ದೆನಲ್ಲ ನಾನು. ಅಂಜಬ್ಯಾಡ ಎಂದು ನಾನೇ ಹೇಳಿ ಬಂದೆ—

ಅಬೀದಾಳ ಫೋನು ರಿಂಗ್ ಆಗುತ್ತಿದೆ. ಎತ್ತು ತಾಯೀ, ಎತ್ತು. ಅಹಮದಸಾಬನೂ ಎತ್ತುತ್ತಿಲ್ಲ. ಬಿಬಿಜಾನಳ ನಂಬರ್ ನನ್ನ ಹತ್ತಿರ ಇಲ್ಲ, ನಾಲ್ಕು ವರ್ಷದಲ್ಲಿ ಕೇಳಿಯೇ ಇಲ್ಲ. ಬರೆಯುತ್ತ ಕೂತಿದ್ದೇನಲ್ಲ, ಎದ್ದೇಳೇ, ಸ್ಕೂಟಿ ಕೀಲಿ ಎಲ್ಲಿ—