ಕೊಂಡಿ ಮುಗಿಯದ ವಿಡಿಯೋ

ಪ್ರೀತಿಯ ಶಿವಲಿಂಗಕ್ಕಾ,

ತೀರಿಕೊಂಡವರಿಗೆ ಪತ್ರ ಬರೆಯುವವನು ಹುಚ್ಚನೇ ಇರಬೇಕು ಎಂದು ನೀನು ನಗಬಹುದು. ನಗು. ಆದರೆ ಸಿಟ್ಟಾಗಬೇಡ, ಪೂರ್ತಿ ಓದು.

ನೀನು ಹೋದ ಮೇಲೆ ಇಳಕಲ್ಲಿನ ಯಾಸೀನಸಾಬರು ತಮ್ಮ ಸೀರೆ ಅಂಗಡಿಯಲ್ಲಿ ನಿನ್ನ ವಿಡಿಯೋ ಹಾಕೋಣವೆಂದರು. ಕಮತಗಿಯ ಮನೆಯಲ್ಲಿ ನೀನು ಕುಣಿಮಗ್ಗದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತು, ಸೀರೆಯ ಒಡಲಿನ ಎಳೆಗಳಿಗೆ ಸೆರಗಿನ ಕೆಂಪು ಎಳೆಗಳನ್ನು ಕೊಂಡಿ ಹಾಕಿ ಜೋಡಿಸುವಾಗ ನಾನೇ ಮೊಬೈಲಿನಲ್ಲಿ ತೆಗೆದದ್ದು. ಟಿವಿ ರಿಪೇರಿಯವನಿಗೆ ಅದೇನು ದೊಡ್ಡ ಕೆಲಸ? ಅಂಗೈಯಗಲದ ಕಂಪ್ಯೂಟರ್ ಬೋರ್ಡು ತರಿಸಿ, ಮೆಮೊರಿ ಕಾರ್ಡಿಗೆ ನಿನ್ನನ್ನು ತುಂಬಿ, ಟಿವಿಯ ಬೆನ್ನಿಗೆ ಅಂಟಿಸಿದೆ. ಕರೆಂಟು ಬಂದರೆ ಸಾಕು, ತಾನೇ ಶುರುವಾಗುತ್ತದೆ; ಮುಗಿದೊಡನೆ ಮತ್ತೆ ಮೊದಲಿನಿಂದ.

ಒಂದೇ ತೊಡಕು. ಕೊನೆಯಲ್ಲಿ ನೀನು ಕೊಂಡಿ ಮುಗಿಸಿ ಎದ್ದು ಹೋಗುತ್ತಿದ್ದೆ. ಮರುಕ್ಷಣ ಮತ್ತೆ ಕೂತಿರುತ್ತಿದ್ದೆ. ಅದು ಕಣ್ಣಿಗೆ ಚುಚ್ಚುತ್ತಿತ್ತು. ಸೆರಗಿನ ಜೋಡು ಕಾಣಲೇಬಾರದು ಅನ್ನುವ ಮನೆಯಲ್ಲಿ ಹುಟ್ಟಿದವನಲ್ಲವೇ ನಾನು? ಕೊಂಡಿ ಮುಗಿಸಿ ಏಳುವ ತುಣುಕನ್ನೇ ಕತ್ತರಿಸಿ ತುದಿಗೆ ತುದಿ ಕೂಡಿಸಿದೆ. "ಜೋಡ ಎಲ್ಲೈತಿ ಅಂತ ಗೊತ್ತ ಆಗೂದಿಲ್ಲ ಬಿಡಪಾ!" ಎಂದರು ಸಾಬರು. ಹಿಗ್ಗಿಹೋದೆ. ದಿನಾ ಅಂಗಡಿಗೆ ಹೋಗಿ ನಿನ್ನನ್ನು ನೋಡಿ ಬರುವುದು ಚಟವಾಯಿತು.

ಮೊದಲು ಸಾಬರೇ ಅಂದದ್ದು: "ಶಿವಪ್ರಕಾಶ, ನಿಮ್ಮಕ್ಕ ಯಾಕೋ ಭಾಳ ದಣದಂಗ ಕಾಣ್ತಾಳಲ್ಲೋ." ವಿಡಿಯೋ ಎಲ್ಲಾದರೂ ದಣಿಯುತ್ತದೆಯೇ, ಚಷ್ಮಾ ಬದಲಿಸ್ರಿ ಎಂದು ಚೇಷ್ಟೆ ಮಾಡಿದೆ. ಆಮೇಲೆ ನನಗೂ ಕಂಡಿತು. ನಾನು ತೆಗೆದಾಗ ನಿನ್ನ ಹಣೆಯ ವಿಭೂತಿ ಒಣಗಿತ್ತು. ಈಗ ಬೆವರಿಗೆ ಕರಗಿ ಹುಬ್ಬಿಗೆ ಇಳಿದಿತ್ತು. ಬೆರಳ ತುದಿಗಳು ಒಡೆದಿದ್ದವು. ಒಂದು ದಿನ ನೀನು ಕತ್ತೆತ್ತಿ ನನ್ನನ್ನೇ ನೋಡಿದೆ. ಅಕ್ಕಾ, ನಾನು ತೆಗೆದ ವಿಡಿಯೋದಲ್ಲಿ ನೀನು ಕತ್ತೆತ್ತುವುದೇ ಇಲ್ಲ!

ನಿನ್ನ ಮಗಳು ಬಸವೇಶ್ವರಿಯನ್ನು ಕರೆತಂದು ತೋರಿಸಿದೆ. ನೋಡುತ್ತ ನಿಂತವಳು ಅಳತೊಡಗಿದಳು. "ಮಾಮಾ, ಕೊಂಡಿ ಮುಗಿಯೂತನಕ ಅವ್ವ ಏಳಂಗಿಲ್ಲ. ನೀರು ಸೈತ ಕುಡಿಯಂಗಿಲ್ಲ. ಮರತ್ರೇನ್? ಅವ್ವನ್ನ ಎಬ್ಬಸ್ರಿ."

ಹೌದಲ್ಲ! "ನಡುವ ಎದ್ರ ನೂಲು ಮುನೀತೈತಿ" ಅನ್ನುತ್ತಿದ್ದವಳು ನೀನು. ನಮ್ಮವರ ಪದ್ಧತಿಯಂತೆ ಮಣ್ಣು ಕೊಟ್ಟಾಗಲೂ ನಿನ್ನನ್ನು ಕೂರಿಸಿಯೇ ಇಟ್ಟಿದ್ದೆವು. ನಾನು ಇಲ್ಲೂ ಕೂರಿಸಿಬಿಟ್ಟಿದ್ದೆ. ವೈರು ಕಿತ್ತೆಸೆಯೋಣವೆಂದರೆ, ಕತ್ತಲಲ್ಲಿ ಹಾಗೇ ಕೂತಿರುತ್ತೀಯಲ್ಲ ಎಂದು ಕೈ ಬರಲಿಲ್ಲ. ತುಣುಕು ಮರಳಿ ಸೇರಿಸಿದರೆ ಎದ್ದು ಹೋಗಿಯೇ ಬಿಡುತ್ತೀಯೇನೋ ಎಂಬ ಭಯ ಬೇರೆ. ನನಗೆ ಉಳಿದಿದ್ದ ನೀನು ಅಷ್ಟೇ ಅಲ್ಲವೇ? ಆದರೂ ಸೇರಿಸಿದೆ.

ನೀನು ಕೊನೆಯ ಕೊಂಡಿ ಹಾಕಿದೆ. ಕಾಲು ನೀವಿಕೊಂಡು, ಕುಣಿಯಿಂದ ಮೇಲೆದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿ ಪರದೆಯಿಂದಾಚೆ ನಡೆದೆ. ವಿಡಿಯೋ ಮತ್ತೆ ಮೊದಲಿನಿಂದ ಶುರುವಾಯಿತು. ಮಗ್ಗ ಖಾಲಿ. ಅದೇ ಗೋಡೆ, ಅದೇ ಬೆಳಕು, ನೀನಿಲ್ಲ. ಮೊಬೈಲಿನಲ್ಲಿದ್ದ ಮೂಲ ವಿಡಿಯೋ ತೆರೆದು ನೋಡಿದೆ, ಅಲ್ಲಿಯೂ ಇಲ್ಲ. ಅಂಗಡಿಯ ನಡುವೆ ಕೂಸಿನಂತೆ ಅತ್ತುಬಿಟ್ಟೆ. ಬಸವೇಶ್ವರಿ ಮಾತ್ರ ನಿಟ್ಟುಸಿರು ಬಿಟ್ಟು, "ಪಾರಾದ್ಳು" ಅಂದಳು.

ಯಾರನ್ನೇ ಬೀಳ್ಕೊಡುವಾಗ ಬರೀ ‘ಹೋಗು’ ಅನ್ನಬಾರದು, ‘ಹೋಗಿ ಬಾ’ ಅನ್ನಬೇಕೆಂದು ಕಲಿಸಿದವಳು ನೀನೇ. ಈ ಸಲ ಹಾಗನ್ನಲು ನಾಲಿಗೆ ಏಳುತ್ತಿಲ್ಲ. ಕರೆದರೆ ಬಂದು ಮತ್ತೆ ಮಗ್ಗಕ್ಕೆ ಕೂತುಬಿಡುತ್ತೀಯೆಂಬ ಅಂಜಿಕೆ.

ಶರಣು. ಹೋಗಕ್ಕಾ.

ನಿನ್ನ ತಮ್ಮ,
ಶಿವಪ್ರಕಾಶ